ಹಗ್ಗದ ಹಾದಿಯಲ್ಲಿ ಮಿಂಚುಳ್ಳಿಯ ಸಾಕ್ಷಿ

"ದೋಣಿ ನಿಲ್ಲಿಸಣ್ಣ," ಎಂದಳು ಇನ್‌ಸ್ಪೆಕ್ಟರ್.

ಅಂಬಿಗ ಹುಟ್ಟನ್ನು ಹರಿವಿಗೆ ಅಡ್ಡ ಹಿಡಿದ. ದೋಣಿ ಮುಗ್ಗರಿಸಿದಂತಾಗಿ ನಿಂತಿತು. "ಯಾಕಮ್ಮ, ಏನಾದ್ರೂ ಕಾಣಿಸ್ತಾ?"

ಅವಳು ತುಟಿಯ ಮೇಲೆ ಬೆರಳಿಟ್ಟು ಎದುರಿನ ದಂಡೆ ತೋರಿಸಿದಳು.

ದಂಡೆಯ ಮೇಲಿನ ಹಗ್ಗದ ಹಾದಿ ಮಳೆಗೆ ಕುಸಿದು, ಅದನ್ನು ಕಾಪಾಡಿಕೊಂಡು ಬಂದಿದ್ದ ಹಾದಿ ಮೇಷ್ಟ್ರೂ ಅದರೊಂದಿಗೆ ಹೊಳೆಯ ಪಾಲಾದರೆಂದು ಊರಿಗೆ ಊರೇ ನಂಬಿ ಮೂರು ದಿನವಾಗಿತ್ತು. ಕುಸಿದ ಜಾಗ ಹಲ್ಲು ಕಿತ್ತ ಒಸಡಿನಂತೆ ಕೆಂಪಗಿತ್ತು. ಮೇಲೆ ಹಾದಿಯ ಅಂಚು ಮುರಿದು ನೇತಾಡುತ್ತಿತ್ತು. ಅದರ ಕೆಳಗೆ, ನೀರಿನವರೆಗೂ, ಕುಸಿಯದೆ ಉಳಿದ ಬೆತ್ತಲೆ ಮಣ್ಣಿನ ಗೋಡೆ.

ಆ ಗೋಡೆಯಿಂದ ಹೊರಚಾಚಿದ ಬೇರಿನ ಮೇಲೆ ಮಿಂಚುಳ್ಳಿಯೊಂದು ಬಂದು ಕೂತಿತ್ತು. ಕೊಕ್ಕಿನಲ್ಲಿ ಬೆರಳುದ್ದದ ಮೀನು. ಹಕ್ಕಿ ಅದನ್ನು ಬೇರಿಗೆ ಒಂದೆರಡು ಸಲ ಬಡಿಯಿತು. ಆದರೆ ನುಂಗಲಿಲ್ಲ. ಅತ್ತ ಇತ್ತ ನೋಡಿ, ಗೋಡೆಗೇ ಢಿಕ್ಕಿ ಹೊಡೆಯುವಂತೆ ಹಾರಿ, ಅಂಗೈಯಗಲದ ಬಿಲವೊಂದರೊಳಗೆ ನುಸುಳಿ ಮಾಯವಾಯಿತು.

ಬಿಲದೊಳಗಿಂದ ಕಿರ್ರ್ ಎಂಬ ಸಣ್ಣ ಗಲಾಟೆ ಕೇಳಿಸಿತು. ಹಸಿದ ಮಕ್ಕಳ ಪಂಕ್ತಿಗೆ ಬಡಿಸುವವರು ಬಂದಾಗ ಆಗುವಂಥ ಗಲಾಟೆ.

"ಮರಿ ಮಾಡಿದೆ," ಎಂದ ಅಂಬಿಗ ನಗುತ್ತ. "ಊರಿಗೆ ಸೂತಕ, ಇದಕ್ಕೆ ಬಾಣಂತನ."

ಇನ್‌ಸ್ಪೆಕ್ಟರ್ ನಗಲಿಲ್ಲ. ಬಿಲದ ಬಾಯಿಂದ ಕೆಳಗೆ ಹಿಕ್ಕೆಯ ಬಿಳಿ ಗೀರು ಸುಣ್ಣ ಸೋರಿದಂತೆ ಇಳಿದಿತ್ತು. ಅದು ನಿನ್ನೆ ಮೊನ್ನೆಯ ಗೀರಲ್ಲ. ಒಂದರ ಮೇಲೊಂದು ಒಣಗಿ ಗಟ್ಟಿಯಾದದ್ದು.

ಹಿಂದಿನ ದಿನ ಅವಳು ನೋಯುವ ಮಂಡಿಯನ್ನು ಶಪಿಸುತ್ತಲೇ ಇಡೀ ಹಾದಿಯನ್ನು ನಡೆದು, ಮೇಷ್ಟ್ರು ನಿಲ್ಲಿಸಿದ್ದ ಒಂದೊಂದು ಫಲಕವನ್ನೂ ಓದಿದ್ದಳು. ಅವರ ಮಾತಿನ ಧಾಟಿಯಲ್ಲೇ ಬರೆದ ಫಲಕಗಳು. ಈ ತಿರುವಿನ ಬಳಿ ಇದ್ದದ್ದು ಹೀಗಿತ್ತು: "ಮಿಂಚುಳ್ಳಿ ದಂಪತಿಗೆ ಮನೆ ಮಾಡಲು ಕಡಿದಾದ ಬರೀ ಮಣ್ಣು ಬೇಕು. ಕಲ್ಲಿನ ಗೋಡೆ ಆಗದು. ಬಿಲ ಕೊರೆದು, ಮೊಟ್ಟೆಯಿಟ್ಟು, ಮರಿಯ ಬಾಯಿಗೆ ಮೀನು ಕೊಡುವ ಹೊತ್ತಿಗೆ ತಿಂಗಳು ಕಳೆದಿರುತ್ತದೆ. ಕೊಕ್ಕಿನಲ್ಲಿ ಮೀನಿನ ತಲೆ ಹೊರಗಿದ್ದರೆ ಮರಿಗೆ, ಒಳಗಿದ್ದರೆ ತನಗೆ. ನಡೆಯುವವರೇ, ಬಾಯಿ ಮುಚ್ಚಿಕೊಂಡು ನೋಡಿ."

ಅವಳು ಬಾಯಿ ಮುಚ್ಚಿಕೊಂಡೇ ನೋಡಿದ್ದಳು. ಮೀನಿನ ತಲೆ ಹೊರಗಿತ್ತು.

ಇಲ್ಲಿ ಹಾದಿಗೆ ಆಸರೆಯಾಗಿದ್ದ ಕಲ್ಲಿನ ಗೋಡೆ ಬಿದ್ದದ್ದು ಮೊನ್ನೆಯ ಮಳೆಗೆ ಎಂದು ಪುರಸಭೆಯ ಎಂಜಿನಿಯರ್ ಹೇಳಿಕೆ ಕೊಟ್ಟಿದ್ದ. ಗೋಡೆ ಮೊನ್ನೆಯವರೆಗೂ ಇದ್ದಿದ್ದರೆ ಈ ಮಣ್ಣು ಅದರ ಹಿಂದೆ ಮುಚ್ಚಿಹೋಗಿರಬೇಕಿತ್ತು. ಮಿಂಚುಳ್ಳಿ ತಿಂಗಳ ಹಿಂದೆ ಕಲ್ಲನ್ನು ಕೊರೆದು ಒಳಹೋಯಿತೇ?

ಒಬ್ಬರು ಸುಳ್ಳು ಹೇಳುತ್ತಿದ್ದರು. ಹಕ್ಕಿಯಂತೂ ಅಲ್ಲ.

"ಇನ್ನೂ ಹತ್ರ ಬಿಡಣ್ಣ."

ದಂಡೆಯ ಅಡಿಯಲ್ಲಿ ಮಂಡಿಯುದ್ದದ ನೀರು, ತಳ ಕಾಣುವಷ್ಟು ತಿಳಿಯಾಗಿತ್ತು. ಅಲ್ಲಿ ಮಣ್ಣಿನ ಹೆಂಟೆ ಇತ್ತು, ಬೇರಿನ ಸಿಕ್ಕು ಇತ್ತು, ಹಾದಿಗೆ ಹಾಸಿದ್ದ ಚಪ್ಪಡಿಯ ಒಂದೆರಡು ಚೂರು ಇತ್ತು. ಗೋಡೆಯ ಕಲ್ಲು ಮಾತ್ರ ಒಂದೂ ಇರಲಿಲ್ಲ.

"ಗೋಡೆ ಬಿದ್ರೆ ಕಲ್ಲು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದಳು.

"ಹೊಳೆ ಕೊಚ್ಕೊಂಡು ಹೋಗಿರುತ್ತಮ್ಮ."

"ಇಬ್ರು ಸೇರಿ ಎತ್ತೋ ಕಲ್ಲನ್ನ? ಮೊನ್ನೆ ಹೊಳೆ ಏರಿದ್ದು ಒಂದು ಮೊಳ."

ಅಂಬಿಗ ತಲೆ ಕೆರೆದುಕೊಂಡ. ಬಾತುಕೋಳಿಯಂತೆ ಓಲಾಡಿ ನಡೆಯುವ, ಸದಾ ಏನಾದರೊಂದು ಚಟಾಕಿ ಹಾರಿಸುವ ಮನುಷ್ಯ. ಮೇಷ್ಟ್ರ ಊರುಗೋಲು ನೀರಲ್ಲಿ ತೇಲುತ್ತಿದ್ದುದನ್ನು ಕಂಡು ಠಾಣೆಗೆ ತಂದುಕೊಟ್ಟವನೂ ಅವನೇ. "ನೀವು ಓದಿದೋರು. ನಂಗೆ ಕಲ್ಲಿನ ಲೆಕ್ಕ ಗೊತ್ತಿಲ್ಲ. ಬಲೆ ಹರಿಯೋ ನೀರುನಾಯಿ ಲೆಕ್ಕ ಕೇಳಿ, ಹೇಳ್ತೀನಿ. ಈ ವರ್ಷ ನನ್ನ ಬಲೆ ಜರಡಿ ಆಗೋಗಿದೆ."

"ಅಷ್ಟೊಂದು ಇವೆಯಾ?"

"ಒಂದಿದ್ರೂ ಸಾಕಮ್ಮ, ಹತ್ತರ ಕೆಲ್ಸ ಮಾಡುತ್ತೆ. ಮೇಷ್ಟ್ರು ಅದನ್ನೇ ಹಾದಿಯ ಯಜಮಾನ ಅಂತಿದ್ರು. ಯಜಮಾನನಂತೆ." ಅವನು ಹೊಳೆಗೆ ಉಗುಳಿ ಹುಟ್ಟು ಹಾಕತೊಡಗಿದ.

ದೋಣಿ ದಂಡೆಗುಂಟ ಸಾಗುತ್ತಿದ್ದಂತೆ ಅವಳ ಕಣ್ಣು ಕಲ್ಲುಗಳನ್ನೇ ಹುಡುಕುತ್ತಿತ್ತು. ಎಂಥ ಕಲ್ಲು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಶಾಲೆಯಲ್ಲಿ ಮೇಷ್ಟ್ರು ಅವಳಿಗೆ ಇತಿಹಾಸ ಹೇಳಿದವರು. ಆಗ ಈ ಹಾದಿ ಮುಳ್ಳುಕಂಟಿಯಲ್ಲಿ ಹೂತುಹೋಗಿತ್ತು. ರಜೆಯಲ್ಲಿ ಇಡೀ ತರಗತಿಯನ್ನು ಕಟ್ಟಿಕೊಂಡು ಬಂದು, ಕಂಟಿ ಸವರಿ, ಮಣ್ಣು ಹೊರಿಸಿ, ಹಾದಿಯನ್ನು ಬೆಳಕಿಗೆ ತಂದವರು ಅವರು. ಅವಳೂ ಬುಟ್ಟಿ ಹೊತ್ತು, ಅಂಗೈ ಬೊಬ್ಬೆ ಬಂದು, ಮನೆಯಲ್ಲಿ ಅಮ್ಮನಿಂದ ಬೈಸಿಕೊಂಡಿದ್ದಳು.

ರೈಲು ಬರುವ ಮುಂಚೆ ಸರಕಿನ ದೋಣಿಗಳು ಹರಿವಿಗೆ ಎದುರಾಗಿ ಹೋಗಬೇಕಿದ್ದರೆ ಯಾರಾದರೂ ದಂಡೆಯ ಮೇಲಿಂದ ಎಳೆಯಬೇಕಿತ್ತು. ಎತ್ತು ಎಳೆದವು. ಎತ್ತಿಲ್ಲದ ಕಡೆ ಗಂಡಸರು, ಗಂಡಸರಿಲ್ಲದ ಕಡೆ ಹೆಂಗಸರು ಹೆಗಲಿಗೆ ಹಗ್ಗ ಹಾಕಿಕೊಂಡು ಎಳೆದರು. ತಿರುವಿನಲ್ಲಿ ಆ ಹಗ್ಗ ಗೋಡೆಯ ಕಲ್ಲಿಗೆ ಉಜ್ಜಿ ಉಜ್ಜಿ, ಬೆರಳು ಹುದುಗುವಷ್ಟು ಆಳದ ಗೀರುಗಳಾಗಿದ್ದವು.

"ಇತಿಹಾಸ ಅಂದ್ರೆ ಇಸವಿ ಅಲ್ಲ ಕಣೇ, ಸವೆತ," ಎನ್ನುತ್ತಿದ್ದರು ಮೇಷ್ಟ್ರು. "ಎಲ್ಲಿ ಏನು ಸವೆದಿದೆ ಅಂತ ನೋಡು. ಯಾರು ಬದುಕಿದ್ರು ಅಂತ ಗೊತ್ತಾಗುತ್ತೆ."

ದೋಣಿ ಹಳೆಯ ಸೋಪಾನದ ಬಳಿಗೆ ಬಂದಿತ್ತು. ಅಲ್ಲಿ ಹಾದಿಯ ಒಳಬದಿಗೆ ಗುಡ್ಡ. ಗುಡ್ಡದ ಮಗ್ಗುಲಿಗೆ ಬಳ್ಳಿ ಇಳಿಬಿದ್ದ ಒಂದು ಗೋಡೆ. ನಿನ್ನೆ ಅವಳು ಅದರ ಮುಂದೆಯೇ ಹಾದುಹೋಗಿದ್ದಳು, ಮಂಡಿ ಉಜ್ಜುತ್ತ. ಇವತ್ತು ಬೆಳಗಿನ ಓರೆ ಬಿಸಿಲು ಅದರ ಮೇಲೆ ಬಿದ್ದಿತ್ತು. ಬಳ್ಳಿಯ ಸಂದಿನಲ್ಲಿ ಕಲ್ಲಿನ ಮೇಲೆ ಉದ್ದುದ್ದ ನೆರಳಿನ ಗೆರೆ ಕಂಡವು.

ಅವಳು ದೋಣಿಯಿಂದ ಇಳಿದು, ಒಂದೊಂದು ಮೆಟ್ಟಿಲಿಗೂ ಉಸ್ಸೆನ್ನುತ್ತ ಹತ್ತಿ, ಬಳ್ಳಿ ಸರಿಸಿದಳು. ತೋರುಬೆರಳನ್ನು ಗೆರೆಯಲ್ಲಿಟ್ಟಳು. ಬೆರಳು ಹುದುಗಿತು.

ದೋಣಿ ಹೊಳೆಯಲ್ಲಿ. ಹಗ್ಗ ಹೊಳೆಯ ಕಡೆಗೆ. ಗುಡ್ಡದ ಕಡೆಯ ಕಲ್ಲನ್ನು ಹಗ್ಗ ಎಂದೂ ಮುಟ್ಟಿರಲಾರದು.

ತಿರುವಿನ ಗೋಡೆ ಇಲ್ಲಿಗೆ ನಡೆದುಕೊಂಡು ಬಂದಿತ್ತು.

*

"ಮೇಡಂ, ಆ ಬಳ್ಳಿ ಎಳೀಬೇಡಿ."

ಅವಳು ತಿರುಗಿ ನೋಡಿದಳು. ಎಂಜಿನಿಯರ್ ಹಾದಿಯ ಮೇಲೆ ನಿಂತಿದ್ದ. ಗಡ್ಡ ಬೋಳಿಸಿರಲಿಲ್ಲ, ಕಣ್ಣು ಗುಳಿಬಿದ್ದಿತ್ತು. ಕೈಯಲ್ಲೊಂದು ಕಬ್ಬಿಣದ ಹಾರೆ. ಅವನ ಹಿಂದೆ, ತಿರುವಿನ ಕಡೆ, ಕಾಂಕ್ರೀಟ್ ಸುರಿಯಲು ತಂದ ಹಲಗೆಗಳ ರಾಶಿ. ಮಧ್ಯಾಹ್ನ ಲಾರಿ ಬರುವುದಿತ್ತು. ಕುಸಿದ ದಂಡೆಯನ್ನು ಇವತ್ತೇ ಕಾಂಕ್ರೀಟಿನಿಂದ ಮುಚ್ಚಬೇಕೆಂದು ಪುರಸಭೆ ಅಧ್ಯಕ್ಷರ ಅಪ್ಪಣೆ. ಹಾದಿ ಹೋಗಿ ಅಲ್ಲಿ ವಾಹನದ ರಸ್ತೆ ಬರಲಿ ಎಂಬುದು ಅವರ ಬಹುಕಾಲದ ಆಸೆ.

ಎಂಜಿನಿಯರ್ ಮೇಷ್ಟ್ರ ಅಳಿಯ. ಮೇಷ್ಟ್ರ ಒಬ್ಬಳೇ ಮಗಳನ್ನು ಮದುವೆಯಾದವನು. ಪೇಟೆಯಲ್ಲಿ ಔಷಧಿ ಅಂಗಡಿ ನಡೆಸುವ ಆ ಮಗಳೇ ಅಪ್ಪ ಕಾಣೆಯಾದ ದೂರು ಕೊಟ್ಟಿದ್ದಳು.

"ಯಾಕೆ ಎಳೀಬಾರದು?" ಎಂದಳು ಇನ್‌ಸ್ಪೆಕ್ಟರ್.

"ಗೋಡೆ ಸಡಿಲ ಇದೆ. ಮೇಲೆ ಬೀಳುತ್ತೆ."

"ಎಷ್ಟು ಹಳೇ ಗೋಡೆ ಇದು?"

"ಹಳೇದು. ತುಂಬಾ ಹಳೇದು."

"ಮಿಂಚುಳ್ಳಿ ಬೇರೆ ಹೇಳ್ತಿದೆಯಲ್ಲಪ್ಪ."

ಅವನು ಅರ್ಥವಾಗದೆ ನೋಡಿದ. ಅವಳು ಸೋಪಾನದ ಕಟ್ಟೆಯ ಮೇಲೆ ಕೂತಳು. ಮಂಡಿಗೂ ಅನುಕೂಲ, ಮಾತಿಗೂ ಅನುಕೂಲ. ಬಿಲದ ಕಥೆ ಹೇಳಿದಳು, ನೀರಿನಲ್ಲಿಲ್ಲದ ಕಲ್ಲುಗಳ ಕಥೆ ಹೇಳಿದಳು, ಹಗ್ಗದ ಗೀರು ಗುಡ್ಡದ ಕಡೆ ಬಂದ ಕಥೆಯನ್ನೂ ಹೇಳಿದಳು. ದನಿ ಏರಿಸಲಿಲ್ಲ. ಅಜ್ಜಿ ಮೊಮ್ಮಗನಿಗೆ ಹೇಳುವಂತೆ ಹೇಳಿದಳು.

"ಈಗ ನೀವು ಹೇಳಿ. ತಿರುವಿನ ಗೋಡೆ ಬಿಚ್ಚಿದ್ದು ಯಾರು?"

ಎಂಜಿನಿಯರ್ ಹಾರೆಯನ್ನು ನೆಲಕ್ಕೂರಿ ಅದರ ಮೇಲೆ ಭಾರ ಬಿಟ್ಟ. ಹೊಳೆಯ ಮೇಲೆ ನೀರುಕಾಗೆಗಳ ಸಾಲೊಂದು ಹಾದುಹೋಯಿತು. ಅವು ಮರೆಯಾಗುವವರೆಗೂ ನೋಡಿದ.

"ನಾನೇ," ಎಂದ.

"ಒಬ್ರೇ?"

"ಮಾವನೂ ಇದ್ರು."

ಈ ಉತ್ತರವನ್ನು ಅವಳು ನಿರೀಕ್ಷಿಸಿರಲಿಲ್ಲ.

"ಈ ಗೋಡೆ ಹಿಂದೆ ಹಗ್ಗದ ಮನೆ ಇದೆ, ಮೇಡಂ. ದೋಣಿ ಎಳೆಯೋರು ಹಗ್ಗ ಇಟ್ಟು ಮಲಗ್ತಿದ್ದ ಜಾಗ. ಗುಡ್ಡ ಕೊರೆದು ಮಾಡಿದ ಎರಡು ಕೋಣೆ. ಮಣ್ಣು ಜಾರಿ ಮುಚ್ಚಿಹೋಗಿತ್ತು. ಮಾವ ಹುಡುಕಿ ತೆಗೆದ್ರು. ಒಳಗೆ ಹೋಗಿ ನೋಡಿದ್ರೆ ಮುಂದಿನ ಕೋಣೇಲಿ ನೀರುನಾಯಿ ಮರಿ ಹಾಕಿದೆ."

ಅವನು ಗೋಡೆಯ ಬುಡ ತೋರಿಸಿದ. ಅಲ್ಲಿ ಒಂದು ಹಳೆಯ ತೂಬು, ಬೆಕ್ಕು ನುಸುಳುವಷ್ಟು ಅಗಲ. ಅದರ ಮುಂದಿನ ಕೆಸರಿನಲ್ಲಿ ಜಾಲಪಾದದ ಅಗಲ ಗುರುತುಗಳು. ಪಕ್ಕದ ಕಲ್ಲಿನ ಮೇಲೆ ಕಪ್ಪಗಿನ ಹಿಕ್ಕೆ, ಅದರಲ್ಲಿ ಮೀನಿನ ಹುರುಪೆ ಮಿನುಗುತ್ತಿತ್ತು.

"ಹಗ್ಗದ ಮನೆ ಬಾಯಿ ತೆರೆದೇ ಇದ್ರೆ ಬೀದಿನಾಯಿ ಬರುತ್ತೆ, ಜನ ಬರ್ತಾರೆ. ಉರುಳು ಇಡೋರು ಬರ್ತಾರೆ. ಮರಿ ಈಜು ಕಲಿಯೋ ತನಕ ಮುಚ್ಚಿಡೋಣ, ಯಾರಿಗೂ ಗೊತ್ತಾಗೋದು ಬೇಡ ಅಂದ್ರು ಮಾವ. ಆಫೀಸಲ್ಲಿ ಕಲ್ಲು ಕೇಳಿದ್ರೆ ಯಾಕೆ ಅಂತಾರೆ. ಅದಕ್ಕೇ ತಿರುವಿನಲ್ಲಿ ಹಾದಿಯ ಕೆಳಗಿದ್ದ ಗೋಡೆಯನ್ನೇ ಬಿಚ್ಚಿ ತಂದ್ವಿ. ದೋಣಿ ಮೇಲಿಂದ ನೋಡಿದ್ರಷ್ಟೇ ಕಾಣೋ ಜಾಗ. ಮಳೆಗಾಲದೊಳಗೆ ಬೇರೆ ಕಲ್ಲು ಕಟ್ಟಿಸ್ತೀನಿ ಅಂತ ನಾನೇ ಮಾತು ಕೊಟ್ಟೆ." ಅವನು ತಿರುವಿನ ಕಡೆ ನೋಡಿದ. "ಮಳೆ ಮೊದಲೇ ಬಂತು."

"ಅದಕ್ಕೇ ಹೇಳಿಕೇಲಿ ಸುಳ್ಳು ಬರೆದ್ರಿ."

"ಏನಂತ ಬರೀಲಿ? ಮಾವನ ಕಾಲ ಕೆಳಗಿನ ನೆಲ ನಾನೇ ತೆಗೆದೆ ಅಂತಲಾ? ಹೆಂಡತಿ ಮುಖ ನೋಡಕ್ಕಾಗ್ತಿಲ್ಲ ಮೇಡಂ. ಮೂರು ದಿನದಿಂದ ನನ್ನ ಹತ್ರ ಮಾತಿಲ್ಲ. ಬೆಳಿಗ್ಗೆ ಹೋದೋಳು ರಾತ್ರಿ ಬರ್ತಾಳೆ."

ಇನ್‌ಸ್ಪೆಕ್ಟರ್ ಅವನನ್ನೇ ದಿಟ್ಟಿಸಿದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಕಣ್ಣೀರಿನ ಬಣ್ಣ ಬಣ್ಣದ ನಾಟಕ ಕಂಡವಳು. ಇವನು ಅಳುತ್ತಿರಲಿಲ್ಲ. ಅಳು ಬಂದರೆ ಸಾಕಿತ್ತು ಎನ್ನುವವನಂತೆ ನಿಂತಿದ್ದ.

"ಕಾಂಕ್ರೀಟ್ ಲಾರಿಗೆ ಫೋನ್ ಮಾಡಿ," ಎಂದಳು. "ಬರೋದು ಬೇಡ ಅನ್ನಿ."

"ಅಧ್ಯಕ್ಷರು..."

"ತನಿಖೆ ನಡೀತಿರೋ ಜಾಗ ಇದು. ನನ್ನ ಅಪ್ಪಣೆ ಇಲ್ದೆ ಇಲ್ಲಿ ಒಂದು ಬಾಂಡ್ಲಿ ಸಿಮೆಂಟೂ ಬೀಳಬಾರದು. ಅಧ್ಯಕ್ಷರು ಕೇಳಿದ್ರೆ ನನ್ನ ಹತ್ರ ಕಳಿಸಿ. ಬಿಲದಲ್ಲಿರೋ ಮರಿಗಳು ಹಾರೋ ತನಕ ತನಿಖೆ ಮುಗಿಯೋ ಹಾಗೆ ಕಾಣಲ್ಲ."

ಅವನು ಫೋನ್ ಮಾಡಿದ. ಆ ಕಡೆಯವರು ಕೂಗಾಡುವುದು ಅವಳಿಗೂ ಕೇಳಿಸಿತು. ಅವನು "ಪೊಲೀಸ್ ಆರ್ಡರ್" ಎಂದು ಎರಡು ಸಲ ಹೇಳಿ ಇಟ್ಟುಬಿಟ್ಟ. ಇಟ್ಟ ಮೇಲೆ ಅವನ ಬೆನ್ನು ಸ್ವಲ್ಪ ನೆಟ್ಟಗಾದಂತೆ ಕಂಡಿತು.

ಕೆಳಗೆ ದೋಣಿಯಲ್ಲಿ ಅಂಬಿಗ ಬೀಡಿ ಹಚ್ಚುವುದನ್ನೂ ಮರೆತು ಕೈಯಲ್ಲೇ ಹಿಡಿದು ಕೂತಿದ್ದ. ಮಾತೆಲ್ಲ ಅವನ ಕಿವಿಗೂ ಬಿದ್ದಿತ್ತು.

"ಹಗ್ಗದ ಮನೆಗೆ ಬೇರೆ ದಾರಿ ಇದೆಯಾ?" ಎಂದು ಕೇಳಿದಳು.

"ಒಳಗಿನ ಕೋಣೆಯಿಂದ ಗುಡ್ಡದ ಆಚೆ ಬದಿಗೆ ಹೋಗೋ ಮೆಟ್ಟಿಲಿದೆ ಅಂತ ಮಾವ ಹೇಳ್ತಿದ್ರು. ನಾನು ನೋಡಿಲ್ಲ. ಅವರು ಮಗಳನ್ನ ಒಂದ್ಸಲ ಕರ್ಕೊಂಡು ಹೋಗಿದ್ರು."

ಆಗ ತೂಬಿನಲ್ಲಿ ಏನೋ ಅಲುಗಿತು.

ಮೊದಲು ಮೀಸೆ ಕಂಡಿತು, ಆಮೇಲೆ ಒದ್ದೆ ಮೂಗು. ನೀರುನಾಯಿ ಹೊರಗೆ ತಲೆ ಹಾಕಿ ಇಬ್ಬರನ್ನೂ, ಬಾಡಿಗೆ ಕೇಳಲು ಬಂದವರನ್ನು ನೋಡುವಂತೆ, ಅಸಮಾಧಾನದಿಂದ ನೋಡಿತು. ಅದರ ಹಿಂದಿನಿಂದ ಸೀಟಿಯಂಥ ಎಳೆಯ ದನಿಗಳು ಬಂದವು. ತಾಯಿ ಒಳಗೆ ಸರಿಯಿತು.

ಎಂಜಿನಿಯರ್ ಮೂರು ದಿನದಲ್ಲಿ ಮೊದಲ ಸಲ ನಕ್ಕ. "ಬದುಕಿವೆ," ಎಂದ.

ಅವನ ಮಾತು ಮುಗಿಯುವ ಮೊದಲೇ ಗೋಡೆಯ ಹಿಂದಿನಿಂದ ಇನ್ನೊಂದು ಸದ್ದು ಬಂತು. ಅದು ನೀರುನಾಯಿಯದಲ್ಲ. ಹಳೆಯ ಎದೆಯಿಂದ ಏಳುವ, ಒಂದಕ್ಕೆ ನಿಲ್ಲದೆ ಸರಪಳಿಯಾಗಿ ಬರುವ ಕೆಮ್ಮು.

ಇನ್‌ಸ್ಪೆಕ್ಟರ್ ಮಂಡಿಯ ನೋವನ್ನು ಮರೆತು ಎದ್ದು ನಿಂತಳು. ಆ ಕೆಮ್ಮು ಅವಳಿಗೂ ಗೊತ್ತಿತ್ತು. ತರಗತಿಯ ಬಾಗಿಲಿಗೆ ಮೇಷ್ಟ್ರು ಬರುವ ಮುಂಚೆ ಬರುತ್ತಿದ್ದದ್ದು ಅದೇ.

"ಮಾವ," ಎಂದ ಎಂಜಿನಿಯರ್. ಹಾರೆಯನ್ನು ಕಲ್ಲಿನ ಸಂದಿಗೆ ತೂರಿಸಿ ಮೀಟಿದ. ಮೇಲಿನ ಕಲ್ಲು ಅಲುಗಿ ಮಣ್ಣು ಉದುರಿತು. ಅವಳೂ ಬರಿಗೈಯಲ್ಲಿ ಬಳ್ಳಿ ಕಿತ್ತಳು. ಇಬ್ಬರೂ ಸೇರಿ ಒಂದು ಕಲ್ಲು ಸರಿಸಿದರು. ಕತ್ತಲ ಕಿಂಡಿಯೊಂದು ತೆರೆಯಿತು. ಒಳಗಿಂದ ಮೀನಿನ ವಾಸನೆ, ಅದರ ಜೊತೆಗೆ ಆಸ್ಪತ್ರೆಯಲ್ಲಿ ಬರುವಂಥ ಔಷಧಿಯ ಘಾಟು.

"ಮೇಷ್ಟ್ರೇ," ಎಂದು ಕೂಗಿದಳು. "ನಾನು ಪೊಲೀಸ್. ನಿಮ್ಮ ಹಳೇ ವಿದ್ಯಾರ್ಥಿ."

ಉತ್ತರ ಬಂದದ್ದು ಹೆಂಗಸಿನ ದನಿಯಲ್ಲಿ.

"ಇನ್ನೊಂದು ಕಲ್ಲು ತೆಗೀಬೇಡಿ ಮೇಡಂ."

ಎಂಜಿನಿಯರ್ ನಿಂತಲ್ಲೇ ನಿಂತ. ಅದು ಅವನ ಹೆಂಡತಿಯ ದನಿ.

"ಅಪ್ಪ ಬದುಕಿದ್ದಾರೆ," ಎಂದಳು ಮೇಷ್ಟ್ರ ಮಗಳು, ಒಳಗಿನ ಕತ್ತಲಿಂದ. "ದಂಡೆಗೆ ತೆವಳಿ ಬಂದಿದ್ರು, ಹುಡುಕ್ತಾ ಹೋದ ನಾನು ಆಚೆ ಬದಿಯ ಮೆಟ್ಟಿಲಿಂದ ಇಲ್ಲಿಗೆ ತಂದೆ. ಕಾಲು ಮುರಿದಿದೆ, ಜ್ವರ ಇತ್ತು. ಈಗ ಇಳೀತಿದೆ. ಬೆಳಿಗ್ಗೆ ಗಂಜಿ ಕುಡಿದ್ರು. ಎರಡು ಸಲ ನನ್ನ ಬೈದ್ರು."

ಇನ್‌ಸ್ಪೆಕ್ಟರ್ ಕಣ್ಣು ಒದ್ದೆಯಾಯಿತು. "ಮತ್ಯಾಕಮ್ಮ ಇಲ್ಲಿ ಬಚ್ಚಿಟ್ಟೆ? ದೂರು ಕೊಟ್ಟೋಳು ನೀನೇ ಅಲ್ವಾ?"

"ಕೊಡದಿದ್ರೆ ಅನುಮಾನ ಬರ್ತಿತ್ತು. ಅಪ್ಪ ಸತ್ತರು ಅಂತ ಅವರು ನಂಬಬೇಕಿತ್ತು."

"ಯಾರು?"

ಒಳಗಿನ ದನಿ ತಗ್ಗಿತು.

"ಅಪ್ಪ ಜಾರಿ ಬೀಳಲಿಲ್ಲ ಮೇಡಂ. ಹಿಂದಿನಿಂದ ಬಂದು ನೂಕಿದ್ದಾರೆ. ಮಳೇಲಿ ಮುಖ ಕಾಣಲಿಲ್ಲ. ಬೀಳ್ತಾ ತಿರುಗಿ ನೋಡಿದಾಗ ಕಂಡಿದ್ದು ಓಡ್ತಾ ಇದ್ದೋರ ಬೆನ್ನು. ಪುರಸಭೆಯ ಕಿತ್ತಳೆ ಜಾಕೆಟ್, ಬೆನ್ನ ಮೇಲೆ ನೀಲಿ ತೇಪೆ. ಆ ತೇಪೆ ನಾನೇ ಹಾಕಿದ್ದು. ನನ್ನ ಗಂಡನ ಜಾಕೆಟ್‌ಗೆ. ಅವರನ್ನ ಮೊದಲು ಇಲ್ಲಿಂದ ದೂರ ಕಳಿಸಿ. ಆಮೇಲೆ ಕಲ್ಲು ತೆಗೀರಿ."

ಇನ್‌ಸ್ಪೆಕ್ಟರ್ ನಿಧಾನವಾಗಿ ಎಂಜಿನಿಯರನ ಕಡೆ ತಿರುಗಿದಳು. ಕೈ ಚಾಚಿದಳು. ಹೇಳಿದ್ದು ಕೇಳುವ ಮಗುವಿನಂತೆ ಅವನು ಹಾರೆಯನ್ನು ಅವಳ ಕೈಗಿಟ್ಟ. ಮಾವ ಬದುಕಿದ್ದಾರೆಂಬ ಸಂತೋಷ ಅವನ ಮುಖದಿಂದ ಇನ್ನೂ ಇಳಿದಿರಲಿಲ್ಲ. ಹೆಂಡತಿಯ ಮಾತು ಇನ್ನೂ ಒಳಕ್ಕೆ ಇಳಿದೇ ಇರಲಿಲ್ಲವೇನೋ.

"ನಿಮ್ಮ ಜಾಕೆಟ್ ಎಲ್ಲಿ?" ಎಂದಳು.

"ಜಾಕೆಟ್ಟಾ?" ಅವನು ತನ್ನ ತೆಳು ಅಂಗಿಯನ್ನು ನೋಡಿಕೊಂಡ. "ನನ್ನ ಹತ್ರ ಇಲ್ಲ ಮೇಡಂ. ಮಳೆ ಶುರುವಾದಾಗ, ಪಾಪ ನೆನೀತಿದಾನೆ ಅಂತ ನಾನೇ ತೆಗೆದು ಕೊಟ್ಟಿದ್ದೆ..."

ಅವನು ಅಲ್ಲಿಗೇ ನಿಲ್ಲಿಸಿದ. ಅವನ ನೋಟ ಅವಳ ಹೆಗಲಾಚೆ, ಸೋಪಾನದ ಕೆಳಗೆ ಹೋಗಿ ನಾಟಿಕೊಂಡಿತು.

ಅವಳೂ ತಿರುಗಿದಳು.

ಕೊನೆಯ ಮೆಟ್ಟಿಲಿಗೆ ನೀರು ಮೆತ್ತಗೆ ಬಡಿಯುತ್ತಿತ್ತು. ದೋಣಿ ಅಲ್ಲಿರಲಿಲ್ಲ. ಹೊಳೆಯ ನಡುವೆ, ಹಗ್ಗದ ಮನೆಯ ಗುಡ್ಡವನ್ನು ಬಳಸಿ ಆಚೆ ಬದಿಗೆ ಹೋಗುವ ತಿರುವಿನತ್ತ, ಅಂಬಿಗ ಎದ್ದು ನಿಂತು ಹುಟ್ಟು ಹಾಕುತ್ತಿದ್ದ.